ಸ್ಮೃತಿಯನ್ನು ಅಳೆದ ಎಬಿಂಗ್‌ಹೌಸ್

ಜರ್ಮನಿಯ ಬಾರ್ಮೆನ್‌ನಲ್ಲಿ 1850ರಲ್ಲಿ ಹುಟ್ಟಿದ ಹರ್ಮನ್ ಎಬಿಂಗ್‌ಹೌಸ್ ಮೂಲತಃ ತತ್ತ್ವಶಾಸ್ತ್ರದ ವಿದ್ಯಾರ್ಥಿ. 1873ರಲ್ಲಿ ಬಾನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ. ಸಂವೇದನೆಯನ್ನು ಅಳೆಯಬಹುದೆಂದು ತೋರಿಸಿದ ಫೆಕ್ನರನ ಗ್ರಂಥ ಆತನ ದಾರಿಯನ್ನೇ ಬದಲಿಸಿತು. ಹಾಗಾದರೆ ಸ್ಮೃತಿಯನ್ನೇಕೆ ಅಳೆಯಬಾರದು? ಅಂತಹ ಉನ್ನತ ಮನೋವ್ಯಾಪಾರಗಳು ಪ್ರಯೋಗಕ್ಕೆ ನಿಲುಕವೆಂಬುದು ಆಗಿನ ಪ್ರಬಲ ಅಭಿಪ್ರಾಯವಾಗಿತ್ತು.

ತೊಡಕಿದ್ದುದು ಪ್ರಯೋಗದ ರಚನೆಯಲ್ಲಿ. ಅರ್ಥವುಳ್ಳ ಪದಗಳಿಗೆ ಹಳೆಯ ಸಂಬಂಧಗಳು ಅಂಟಿಕೊಂಡಿರುತ್ತವೆ. ಆದುದರಿಂದ ಎರಡು ವ್ಯಂಜನಗಳ ನಡುವೆ ಸ್ವರವನ್ನಿಟ್ಟು ಸುಮಾರು 2300 ನಿರರ್ಥಕ ಅಕ್ಷರಗುಚ್ಛಗಳನ್ನು ಆತ ಹೊಸೆದ. ಗೊತ್ತಾದ ಹೊತ್ತಿನಲ್ಲಿ, ಒಂದೇ ಲಯದಲ್ಲಿ ಓದಿ, ತಪ್ಪಿಲ್ಲದೆ ಒಪ್ಪಿಸುವವರೆಗೆ ಕಲಿತ. ಪ್ರಯೋಗಕಾರನೂ ಆತನೇ, ಪ್ರಯೋಗಕ್ಕೊಳಗಾದವನೂ ಆತನೇ. ಮೊದಲ ಕಲಿಕೆಗಿಂತ ಮರುಕಲಿಕೆಗೆ ಎಷ್ಟು ಕಡಿಮೆ ಕಾಲ ಹಿಡಿಯಿತೋ ಅಷ್ಟು ನೆನಪು ಉಳಿದಿದೆಯೆಂದು ಲೆಕ್ಕ. ಮರೆತೇಹೋಯಿತೆಂದು ತೋರುವುದನ್ನೂ ಅಳೆಯಬಲ್ಲ ಈ ಉಪಾಯವೇ ನನ್ನ ದೃಷ್ಟಿಯಲ್ಲಿ ಆತನ ಹಿರಿಯ ಸಾಧನೆ. ಸುಮಾರು 20 ನಿಮಿಷಗಳ ಬಳಿಕ ಉಳಿತಾಯ ಶೇ. 58, ಒಂದು ದಿನದ ಬಳಿಕ 34, 31 ದಿನಗಳ ಬಳಿಕ 21. ಬೈರನ್ನನ ಪದ್ಯಗಳಿಗೆ ಹತ್ತರಲ್ಲೊಂದು ಪಾಲು ಶ್ರಮ ಸಾಕಾಯಿತು. ಷಟ್ಪದಿಗಳನ್ನು ಬಾಯಿಪಾಠ ಮಾಡಿದ ನಮಗೆ ಇದರಲ್ಲಿ ಅಚ್ಚರಿಯಿಲ್ಲ.

ಗ್ರಂಥ 1885ರಲ್ಲಿ ಹೊರಬಂದಿತು. 1894ರಲ್ಲಿ ಬರ್ಲಿನ್ನಿನ ಪೀಠ ಷ್ಟುಂಫನ ಪಾಲಾಗಿ, ಎಬಿಂಗ್‌ಹೌಸ್ ಬ್ರೆಸ್ಲಾವಿಗೆ ಹೋದ. 1909ರಲ್ಲಿ ಹಾಲೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಒಬ್ಬನ ಮೇಲಿನ ಪ್ರಯೋಗವನ್ನು ಎಲ್ಲರಿಗೂ ಅನ್ವಯಿಸಬಹುದೇ ಎಂಬ ಆಕ್ಷೇಪ ನ್ಯಾಯವಾದುದೇ. 2015ರಲ್ಲಿ ಇಬ್ಬರು ಡಚ್ ಸಂಶೋಧಕರು ಪ್ರಕಟಿಸಿದ ಮರುಪ್ರಯೋಗದಲ್ಲಿ ಬಹುಮಟ್ಟಿಗೆ ಅದೇ ರೇಖೆ ಮೂಡಿತು; ಆಗಲೂ ಕಲಿತವನು ಒಬ್ಬನೇ.