ಜೆಸ್ಸಿ ಓವೆನ್ಸ್: ವೇಗದ ಗುಟ್ಟು ಎಲ್ಲಿತ್ತು?



ನಿಮ್ಮ ಶಾಲೆಯ ಕ್ರೀಡಾಕೂಟದಲ್ಲಿ 100 ಮೀಟರ್ ಓಟ ನೋಡಿದ್ದೀರಲ್ಲವೇ? ಹುಲಿಕೆರೆಯ ಮೈದಾನವಾಗಲಿ, ಹಳೇಬೀಡಿನ ಮೈದಾನವಾಗಲಿ, ಸುಣ್ಣದ ಪುಡಿಯಿಂದ ಗೆರೆ ಎಳೆದಿರುತ್ತಾರೆ. ಶಿಕ್ಷಕರು ಸೀಟಿ ಊದಿದ ಕೂಡಲೇ ಓಟ ಶುರು. ಗೆದ್ದವನನ್ನು ನೋಡಿ, ಅವನ ಕಾಲೇ ಬೇರೆ, ಅದು ಹುಟ್ಟಿನಿಂದ ಬಂದದ್ದು ಎಂದು ಯಾರಾದರೂ ಹೇಳುವುದನ್ನೂ ಕೇಳಿರುತ್ತೀರಿ. ಈ ಮಾತು ನಿಜವೇ? 1936ರಲ್ಲಿ ವಿಜ್ಞಾನಿಯೊಬ್ಬರು ಇದೇ ಪ್ರಶ್ನೆ ಕೇಳಿಕೊಂಡರು. ಉತ್ತರಕ್ಕಾಗಿ ಆ ಕಾಲದ ಪ್ರಸಿದ್ಧ ಓಟಗಾರರೊಬ್ಬರ ಕಾಲನ್ನೇ ಅಳತೆ ಮಾಡಿದರು. ಆ ಓಟಗಾರರೇ ಜೆಸ್ಸಿ ಓವೆನ್ಸ್. ಅವರ ಜೀವನವನ್ನು ಈಗ ತಿಳಿಯೋಣ.

ಹತ್ತಿ ಹೊಲದ ಹುಡುಗ

ಅಮೆರಿಕದ ದಕ್ಷಿಣದಲ್ಲಿ ಅಲಬಾಮಾ ಎಂಬ ರಾಜ್ಯವಿದೆ. ಅಲ್ಲಿನ ಓಕ್‌ವಿಲ್ ಎಂಬ ಹಳ್ಳಿಯಲ್ಲಿ 1913ರ ಸೆಪ್ಟೆಂಬರ್ 12ರಂದು ಜೆಸ್ಸಿ ಹುಟ್ಟಿದನು. ಹತ್ತು ಮಕ್ಕಳಲ್ಲಿ ಅವನೇ ಕಿರಿಯ. ತಂದೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಹತ್ತಿ ಬೆಳೆದರೆ ಅದರಲ್ಲಿ ಒಂದು ಪಾಲು ಜಮೀನಿನ ಒಡೆಯನಿಗೆ ಹೋಗುತ್ತಿತ್ತು. ಅಜ್ಜನ ಕಾಲದಲ್ಲಂತೂ ಈ ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. 1865ರಲ್ಲಿ ಕಾನೂನು ಗುಲಾಮಗಿರಿಯನ್ನು ಕೊನೆಗಾಣಿಸಿತು. ಆದರೆ ಭೇದಭಾವ ಹೋಗಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ರೈಲಿನಲ್ಲಿ ಬೇರೆ ಡಬ್ಬಿ.

ಬಾಲಕ ಜೆಸ್ಸಿ ಗಟ್ಟಿಮುಟ್ಟಾಗಿದ್ದನೇ? ಇಲ್ಲ. ಚಳಿಗಾಲ ಬಂದರೆ ಕೆಮ್ಮು, ಎದೆನೋವು. ಶ್ವಾಸಕೋಶದ ಕಾಯಿಲೆ ಅವನನ್ನು ಮತ್ತೆ ಮತ್ತೆ ಕಾಡುತ್ತಿತ್ತು. ಈ ಹುಡುಗ ಮುಂದೆ ಜಗತ್ತಿನ ಅತಿ ವೇಗದ ಓಟಗಾರನಾಗುತ್ತಾನೆ ಎಂದು ಆಗ ಯಾರೂ ಊಹಿಸಿರಲಾರರು.

ಅವನಿಗೆ ಒಂಬತ್ತು ವರ್ಷವಾದಾಗ ಕುಟುಂಬವು ಕೆಲಸ ಹುಡುಕಿಕೊಂಡು ಉತ್ತರದ ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂದಿತು. ಅವನ ನಿಜವಾದ ಹೆಸರು ಜೇಮ್ಸ್ ಕ್ಲೀವ್‌ಲ್ಯಾಂಡ್ ಓವೆನ್ಸ್. ಮನೆಯಲ್ಲಿ ಜೆ.ಸಿ. ಎಂದು ಕರೆಯುತ್ತಿದ್ದರು. ಹೊಸ ಶಾಲೆಯ ಶಿಕ್ಷಕಿ ಹೆಸರು ಕೇಳಿದಾಗ ಹುಡುಗ ತನ್ನ ಹಳ್ಳಿಯ ಉಚ್ಚಾರದಲ್ಲಿ ಜೆ.ಸಿ. ಎಂದ. ಶಿಕ್ಷಕಿಗೆ ಅದು ಜೆಸ್ಸಿ ಎಂದು ಕೇಳಿಸಿತು. ಹಾಗೆಯೇ ಬರೆದುಕೊಂಡರು. ಅಂದಿನಿಂದ ಅವನು ಜೆಸ್ಸಿಯೇ ಆದ!

ಬೆಳಗಿನ ಪಾಠ

ಶಾಲೆಯ ದೈಹಿಕ ಶಿಕ್ಷಕರ ಹೆಸರು ಚಾರ್ಲ್ಸ್ ರೈಲಿ. ಈ ಹುಡುಗನ ಓಟ ಅವರ ಕಣ್ಣಿಗೆ ಬಿತ್ತು. ಸಂಜೆ ಅಭ್ಯಾಸಕ್ಕೆ ಬರಲು ಹೇಳಿದರು. ಆದರೆ ಜೆಸ್ಸಿ ಶಾಲೆ ಬಿಟ್ಟ ಮೇಲೆ ಚಪ್ಪಲಿ ರಿಪೇರಿ ಅಂಗಡಿಯಲ್ಲಿ ದುಡಿಯಬೇಕಿತ್ತು. ರೈಲಿ ಬಿಡಲಿಲ್ಲ. ಬೆಳಿಗ್ಗೆ ಶಾಲೆ ಶುರುವಾಗುವ ಮೊದಲೇ ತಾವೇ ಬಂದು ಅವನಿಗೆ ಪಾಠ ಹೇಳಿದರು. ವರ್ಷಗಟ್ಟಲೆ ಈ ಬೆಳಗಿನ ಅಭ್ಯಾಸ ನಡೆಯಿತು.

ನೆಲ ಕೆಂಡದಂತೆ ಸುಡುತ್ತಿದೆ ಎಂದುಕೊಂಡು ಓಡಬೇಕು ಎಂಬುದು ರೈಲಿ ಕಲಿಸಿದ ಪಾಠ. ಇದರಲ್ಲಿ ವಿಜ್ಞಾನವೂ ಇದೆ. ಓಡುವಾಗ ನಾವು ಪಾದದಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತೇವೆ. ನೆಲವು ಅಷ್ಟೇ ಬಲದಿಂದ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ವೇಗದ ಓಟಗಾರರ ಪಾದ ಪ್ರತಿ ಹೆಜ್ಜೆಯಲ್ಲೂ ನೆಲವನ್ನು ಮುಟ್ಟಿರುವುದು ಒಂದು ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲೇ ಬಲವಾಗಿ ತಳ್ಳಬೇಕು. ಇದು ಒಂದೇ ದಿನದಲ್ಲಿ ಬರುವ ವಿದ್ಯೆಯಲ್ಲ.

1933ರಲ್ಲಿ ಷಿಕಾಗೋದಲ್ಲಿ ನಡೆದ ಪ್ರೌಢಶಾಲೆಗಳ ಕೂಟದಲ್ಲಿ ಜೆಸ್ಸಿ 100 ಗಜ ದೂರವನ್ನು 9.4 ಸೆಕೆಂಡಿನಲ್ಲಿ ಓಡಿದ. ಅದು ಅಂದಿನ ವಿಶ್ವದಾಖಲೆಗೆ ಸಮ! (100 ಗಜ ಎಂದರೆ ಸುಮಾರು 91 ಮೀಟರ್.)

ನಲವತ್ತೈದು ನಿಮಿಷ

ಮುಂದೆ ಓವೆನ್ಸ್ ಓಹಿಯೋ ರಾಜ್ಯ ವಿಶ್ವವಿದ್ಯಾಲಯ ಸೇರಿದರು. ವಿದ್ಯಾರ್ಥಿವೇತನ ಸಿಗಲಿಲ್ಲ. ಓದಿನ ಜೊತೆಗೆ ಲಿಫ್ಟ್ ನಡೆಸುವ ಕೆಲಸ ಮಾಡಿದರು. ಬಣ್ಣದ ಕಾರಣದಿಂದ ಅವರಿಗೆ ವಿಶ್ವವಿದ್ಯಾಲಯದ ಆವರಣದಲ್ಲಿ ವಾಸಿಸಲು ಅವಕಾಶವಿರಲಿಲ್ಲ. ತಂಡದ ಜೊತೆ ಬೇರೆ ಊರಿಗೆ ಹೋದರೂ ಅಷ್ಟೇ. ಒಂದೇ ತಂಡ, ಆದರೆ ಊಟಕ್ಕೆ ಬೇರೆ ಹೋಟೆಲು.

1935ರ ಮೇ 25. ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬಲ್ಲಿ ಕ್ರೀಡಾಕೂಟ. ಕೆಲವು ದಿನಗಳ ಹಿಂದೆ ಬಿದ್ದು ಓವೆನ್ಸ್ ಬೆನ್ನಿಗೆ ಪೆಟ್ಟಾಗಿತ್ತು. ಆದರೂ ಮೈದಾನಕ್ಕಿಳಿದರು. ಅಂದು ನಡೆದದ್ದನ್ನು ಗಡಿಯಾರದ ಜೊತೆ ನೋಡಿ:

3 ಗಂಟೆ 15 ನಿಮಿಷ: 100 ಗಜ ಓಟ, 9.4 ಸೆಕೆಂಡು. ವಿಶ್ವದಾಖಲೆಗೆ ಸಮ.

3 ಗಂಟೆ 25 ನಿಮಿಷ: ಉದ್ದ ಜಿಗಿತ, 8.13 ಮೀಟರ್. ಹೊಸ ದಾಖಲೆ.

3 ಗಂಟೆ 45 ನಿಮಿಷ: 220 ಗಜ ಓಟ, 20.3 ಸೆಕೆಂಡು. ಹೊಸ ದಾಖಲೆ.

4 ಗಂಟೆ: 220 ಗಜ ಹರ್ಡಲ್ಸ್, 22.6 ಸೆಕೆಂಡು. ಹೊಸ ದಾಖಲೆ.

ನಿಮ್ಮ ಶಾಲೆಯ ಒಂದು ಪಿರಿಯಡ್ಡಿನಷ್ಟು ಹೊತ್ತು! ಉದ್ದ ಜಿಗಿತವನ್ನಂತೂ ಒಂದೇ ಒಂದು ಸಲ ಜಿಗಿದರು. ಆ ದಾಖಲೆ 1960ರವರೆಗೆ, ಅಂದರೆ 25 ವರ್ಷ ಉಳಿಯಿತು. ಓಟಗಾರ ಅಷ್ಟು ದೂರ ಹೇಗೆ ಜಿಗಿದ? ನೆಲ ಬಿಟ್ಟ ಮೇಲೆ ಗಾಳಿಯಲ್ಲಿ ವೇಗ ಹೆಚ್ಚಿಸಿಕೊಳ್ಳಲು ಆಗುವುದಿಲ್ಲ. ಓಡಿ ಬಂದ ವೇಗವೇ ಮುಂದಕ್ಕೆ ಒಯ್ಯಬೇಕು. ಅದಕ್ಕೇ ಉದ್ದ ಜಿಗಿತ ಬಲ್ಲವರು ಓಟವನ್ನೂ ಬಲ್ಲವರಾಗಿರುತ್ತಾರೆ.

ಬರ್ಲಿನ್ನಿನಲ್ಲಿ ನಾಲ್ಕು ಚಿನ್ನ

1936ರ ಒಲಿಂಪಿಕ್ಸ್ ನಡೆದದ್ದು ಜರ್ಮನಿಯ ಬರ್ಲಿನ್ನಿನಲ್ಲಿ. ಆಗ ಅಲ್ಲಿ ಹಿಟ್ಲರನ ಆಳ್ವಿಕೆ. ತಮ್ಮ ಜನಾಂಗವೇ ಎಲ್ಲಕ್ಕಿಂತ ಮೇಲು, ಉಳಿದವರು ಕೀಳು ಎಂಬುದು ಅವನ ಪಕ್ಷದ ವಾದ. ಆ ಮೈದಾನದಲ್ಲಿ ಓವೆನ್ಸ್ ನಾಲ್ಕು ಚಿನ್ನದ ಪದಕ ಗೆದ್ದರು. ಆಗಸ್ಟ್ 3ರಂದು 100 ಮೀಟರ್ ಓಟ, 10.3 ಸೆಕೆಂಡು. ಆಗಸ್ಟ್ 4ರಂದು ಉದ್ದ ಜಿಗಿತ, 8.06 ಮೀಟರ್. ಆಗಸ್ಟ್ 5ರಂದು 200 ಮೀಟರ್ ಓಟ, 20.7 ಸೆಕೆಂಡು. ಆಗಸ್ಟ್ 9ರಂದು ನಾಲ್ವರ ರಿಲೇ, 39.8 ಸೆಕೆಂಡಿನ ವಿಶ್ವದಾಖಲೆ. ಉದ್ದ ಜಿಗಿತದಲ್ಲಿ ಎರಡನೆಯವನಾದ ಜರ್ಮನಿಯ ಲುಟ್ಸ್ ಲಾಂಗ್, ಎಲ್ಲರೂ ನೋಡುತ್ತಿದ್ದಂತೆ ಓವೆನ್ಸ್ ಬಳಿಗೆ ಬಂದು ಅಭಿನಂದಿಸಿದ. ಇಬ್ಬರೂ ಗೆಳೆಯರಾದರು. ಈ ಲಾಂಗ್ 1943ರಲ್ಲಿ ಯುದ್ಧದಲ್ಲಿ ಸತ್ತುಹೋದ.

ಇದೇ ಒಲಿಂಪಿಕ್ಸ್‌ನಲ್ಲಿ ಧ್ಯಾನ್‌ಚಂದ್ ನಾಯಕತ್ವದ ಭಾರತ ತಂಡವು ಹಾಕಿಯಲ್ಲಿ ಜರ್ಮನಿಯನ್ನು 8-1ರಿಂದ ಸೋಲಿಸಿ ಚಿನ್ನ ಗೆದ್ದಿತು ಎಂಬುದು ನಿಮಗೆ ನೆನಪಿರಲಿ.

ಓವೆನ್ಸ್ ಓಡಿದ ಹಾದಿ ಹೇಗಿತ್ತು ಗೊತ್ತೇ? ಸುಟ್ಟ ಕಲ್ಲಿದ್ದಲಿನ ಬೂದಿ, ಕಿಟ್ಟವನ್ನು ಹಾಸಿ ಮಾಡಿದ್ದು. ಉತ್ತ ಹೊಲದಲ್ಲಿ ಓಡಿ ನೋಡಿ. ಕಾಲ ಕೆಳಗೆ ಮಣ್ಣು ಜಾರುತ್ತದೆ, ನಿಮ್ಮ ಶಕ್ತಿಯ ಒಂದು ಪಾಲು ಮಣ್ಣನ್ನು ಸರಿಸುವುದಕ್ಕೇ ಹೋಗುತ್ತದೆ. ಬೂದಿಯ ಹಾದಿಯಲ್ಲೂ ಸ್ವಲ್ಪ ಹಾಗೆಯೇ. ಹೊರಡುವಾಗ ಕಾಲಿಗೆ ಆಸರೆ ಕೊಡುವ ಸ್ಟಾರ್ಟಿಂಗ್ ಬ್ಲಾಕ್ ಕೂಡ ಆ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. ಓಟಗಾರರು ಸಣ್ಣ ಕರಣೆಯಿಂದ ನೆಲ ಅಗೆದು, ಆ ಗುಳಿಯಲ್ಲಿ ಪಾದ ಊರಿ ಹೊರಡುತ್ತಿದ್ದರು. ಒಲಿಂಪಿಕ್ಸ್‌ಗೆ ಬ್ಲಾಕ್ ಬಂದದ್ದು 1948ರಲ್ಲಿ. ಬೂದಿಯ ಹಾದಿ ಇನ್ನೂ ಕೆಲವು ಕಾಲ ಉಳಿಯಿತು. ನಮ್ಮ ಕೋಲಾರದಲ್ಲಿ ಹುಟ್ಟಿದ ಕೆನ್ನೆತ್ ಪಾವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರಿಲೇ ಓಡಿದ್ದೂ ಅಂತಹ ಹಾದಿಯ ಮೇಲೆಯೇ. ಮುಂದಿನ, ಅಂದರೆ 1968ರ ಒಲಿಂಪಿಕ್ಸ್‌ನಲ್ಲಿ ರಬ್ಬರಿನಂತೆ ಪುಟಿಯುವ ಕೃತಕ ಹಾದಿ ಬಂತು.

ಕಾಲಿನ ಅಳತೆ

ಓವೆನ್ಸ್ ಗೆದ್ದಾಗ ಕೆಲವರು ಏನೆಂದರು? ಕಪ್ಪು ಜನರ ಹಿಮ್ಮಡಿಯ ಮೂಳೆ ಉದ್ದ, ಮೀನಖಂಡ ಬೇರೆ ಬಗೆಯದು, ಅದಕ್ಕೇ ಅವರು ಗೆಲ್ಲುತ್ತಾರೆ ಎಂದರು. ಈ ಮಾತು ಹೊಗಳಿಕೆಯಂತೆ ಕೇಳುತ್ತದೆ. ಆದರೆ ಇದನ್ನು ಒಪ್ಪಿದರೆ ರೈಲಿ ಅವರ ಬೆಳಗಿನ ಪಾಠಗಳಿಗೂ, ಜೆಸ್ಸಿಯ ವರ್ಷಗಳ ದುಡಿಮೆಗೂ ಬೆಲೆಯೇ ಇಲ್ಲದಂತಾಗುತ್ತದೆ.

ಮೊಂಟೇಗ್ ಕಾಬ್ ಎಂಬುವರು ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಅಂಗರಚನಾ ವಿಜ್ಞಾನಿ. ಅವರೂ ಕಪ್ಪು ಜನಾಂಗದವರು. ಅವರು ವಾದಕ್ಕೆ ಇಳಿಯಲಿಲ್ಲ, ಅಳತೆಗೆ ಇಳಿದರು. ಓವೆನ್ಸ್ ಕಾಲನ್ನು ಅಳೆದರು, ಎಕ್ಸ್-ರೇ ತೆಗೆದು ನೋಡಿದರು. ಕಂಡದ್ದೇನು? ಕಪ್ಪು ಜನರದ್ದು ಹೀಗಿರುತ್ತದೆ ಎಂದು ಪುಸ್ತಕಗಳು ಹೇಳುತ್ತಿದ್ದ ಹಿಮ್ಮಡಿಯೂ ಮೀನಖಂಡವೂ ಓವೆನ್ಸ್‌ಗೆ ಇರಲೇ ಇಲ್ಲ! ಗೆದ್ದ ಕಪ್ಪು ಓಟಗಾರರೆಲ್ಲರಿಗೂ ಸಮಾನವಾದ, ಬೇರೆಯವರಿಗೆ ಇಲ್ಲದ ಯಾವ ಗುರುತೂ ಸಿಗಲಿಲ್ಲ. ಗೆಲುವಿಗೆ ಮುಖ್ಯವಾದದ್ದು ತರಬೇತಿ ಮತ್ತು ಛಲ ಎಂದು ಕಾಬ್ 1936ರಲ್ಲಿ ಬರೆದರು. ಒಬ್ಬೊಬ್ಬರ ದೇಹ ಒಂದೊಂದು ರೀತಿ ಇರುತ್ತದೆ, ಅದು ನಿಜ. ಆದರೆ ಚರ್ಮದ ಬಣ್ಣ ನೋಡಿ ಕಾಲಿನ ವೇಗ ಹೇಳಲಾಗದು.

ಕುದುರೆಯ ಜೊತೆ ಪಂದ್ಯ

ನಾಲ್ಕು ಚಿನ್ನ ಗೆದ್ದವರ ಬದುಕು ಸುಖವಾಯಿತು ಎಂದುಕೊಂಡಿರಾ? ನ್ಯೂಯಾರ್ಕಿನಲ್ಲಿ ಅವರ ಮೆರವಣಿಗೆ ಮಾಡಿದರು. ಆದರೆ ಅವರ ಗೌರವಕ್ಕೆಂದೇ ಏರ್ಪಡಿಸಿದ್ದ ಸಮಾರಂಭಕ್ಕೆ ಹೋಗಲು ದೊಡ್ಡ ಹೋಟೆಲಿನಲ್ಲಿ ಅವರು ಸಾಮಾನು ಸಾಗಿಸುವ ಲಿಫ್ಟನ್ನು ಹತ್ತಬೇಕಾಯಿತು. ಆ ಕಾಲದ ನಿಯಮದಂತೆ ಓಟದಿಂದ ಹಣ ಪಡೆಯುವವರು ಒಲಿಂಪಿಕ್ಸ್‌ನಲ್ಲಿ ಓಡುವಂತಿರಲಿಲ್ಲ. ಒಲಿಂಪಿಕ್ಸ್ ಮುಗಿದ ಮೇಲೆ ಯೂರೋಪಿನಲ್ಲಿ ಊರೂರು ಓಡಿ ದಣಿದಿದ್ದ ಓವೆನ್ಸ್, ಇನ್ನೊಂದು ಪ್ರವಾಸಕ್ಕೆ ಬರುವುದಿಲ್ಲ ಎಂದು ಮನೆಗೆ ಮರಳಿದರು. ಅಮೆರಿಕದ ಕ್ರೀಡಾ ಸಂಘವು ಅವರನ್ನು ಹೊರಗಿಟ್ಟಿತು. 23 ವರ್ಷಕ್ಕೇ ಅವರ ಸ್ಪರ್ಧೆಗಳು ಮುಗಿದವು.

ಮನೆಯಲ್ಲಿ ಹೆಂಡತಿ, ಮಗು. ಹೊಟ್ಟೆಪಾಡಿಗೆ ಓವೆನ್ಸ್ ಹಣಕ್ಕಾಗಿ ಓಡಲು ಒಪ್ಪಿದರು. 1936ರ ಡಿಸೆಂಬರಿನಲ್ಲಿ ಕ್ಯೂಬಾದ ಹವಾನಾದಲ್ಲಿ ಕುದುರೆಯೊಂದರ ಜೊತೆ ಓಡಿ ಗೆದ್ದರು! ಕುದುರೆ ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. ಮನುಷ್ಯ ಗೆದ್ದದ್ದು ಹೇಗೆ? ಓವೆನ್ಸ್‌ಗೆ 40 ಗಜ ಮುಂದಿನ ಜಾಗ ಕೊಟ್ಟಿದ್ದರು. ಇಂತಹ ಪಂದ್ಯಗಳಲ್ಲಿ ಇನ್ನೊಂದು ಗುಟ್ಟೂ ಇತ್ತು. ಬೇಗ ಬೆದರುವ ಕುದುರೆಯನ್ನು ಆರಿಸಿದರೆ, ಪಿಸ್ತೂಲಿನ ಸದ್ದಿಗೆ ಅದು ಬೆಚ್ಚಿ ತಡವಾಗಿ ಹೊರಡುತ್ತಿತ್ತು. ಕಡಿಮೆ ದೂರದ ಓಟದಲ್ಲಿ ಆ ತಡವೇ ಸಾಕು. ಜನ ಚಪ್ಪಾಳೆ ತಟ್ಟಿದರು. ಆದರೆ ಜಗತ್ತಿನ ಶ್ರೇಷ್ಠ ಓಟಗಾರ ಪ್ರಾಣಿಯ ಜೊತೆ ಓಡಿ ಅನ್ನ ಸಂಪಾದಿಸಬೇಕಾದದ್ದು ನಾಚಿಕೆಯ ಸಂಗತಿ. ಆ ನಾಚಿಕೆ ಅವರದಲ್ಲ, ಅವರಿಗೆ ಬೇರೆ ದಾರಿ ಬಿಡದವರದು.

ಮುಂದೆ ಬಟ್ಟೆ ತೊಳೆಯುವ ವ್ಯಾಪಾರ ಮಾಡಿ ನಷ್ಟಪಟ್ಟರು. ಮಕ್ಕಳ ಆಟದ ಮೈದಾನಗಳಲ್ಲಿ ತರಬೇತಿ ಕೊಟ್ಟರು. ನಿಧಾನವಾಗಿ ಅವರ ದೇಶ ಅವರನ್ನು ನೆನೆಯಿತು. 1955ರಲ್ಲಿ ಅಮೆರಿಕ ಸರ್ಕಾರವು ಅವರನ್ನು ಕ್ರೀಡಾ ರಾಯಭಾರಿಯಾಗಿ ಕಳಿಸಿದಾಗ ಅವರು ನಮ್ಮ ಭಾರತಕ್ಕೂ ಬಂದಿದ್ದರು. 1976ರಲ್ಲಿ ಅಧ್ಯಕ್ಷರಿಂದ ದೇಶದ ಉನ್ನತ ಗೌರವ ಪಡೆದರು.

ಓಟ ನಿಂತ ಮೇಲೆ ಒಂದು ಕೆಟ್ಟ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು. ಅದು ಸಿಗರೇಟು. ದಿನವೂ ಸೇದುತ್ತಿದ್ದರು. ಬಾಲ್ಯದ ಕಾಯಿಲೆಯನ್ನು ಗೆದ್ದಿದ್ದ ಆ ಶ್ವಾಸಕೋಶಕ್ಕೆ ಕ್ಯಾನ್ಸರ್ ಬಂತು. 1980ರ ಮಾರ್ಚ್ 31ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು. 1984ರಲ್ಲಿ ಬರ್ಲಿನ್ ಕ್ರೀಡಾಂಗಣದ ಬಳಿಯ ರಸ್ತೆಗೆ ಅವರ ಹೆಸರಿಟ್ಟರು.

2009ರಲ್ಲಿ ಅದೇ ಕ್ರೀಡಾಂಗಣದಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಓವೆನ್ಸ್ ಸಮಯಕ್ಕೂ ಇದಕ್ಕೂ 0.72 ಸೆಕೆಂಡು ವ್ಯತ್ಯಾಸ. 73 ವರ್ಷಗಳಲ್ಲಿ ಹಾದಿ ಬದಲಾಯಿತು, ಬ್ಲಾಕ್ ಬಂತು, ಶೂ ಹಗುರವಾಯಿತು, ತರಬೇತಿಯ ರೀತಿ ಬದಲಾಯಿತು. ಈ 0.72 ಸೆಕೆಂಡಿನಲ್ಲಿ ಕಾಲಿನ ಪಾಲೆಷ್ಟು, ಹಾದಿಯ ಪಾಲೆಷ್ಟು? ಯೋಚಿಸಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಅಳತೆ ಟೇಪು, ಸ್ಟಾಪ್‌ವಾಚ್, ಸೀಟಿ, ಒಂದು ಬಿಳಿ ಕರವಸ್ತ್ರ.

ಮೈದಾನದಲ್ಲಿ 100 ಮೀಟರ್ ಅಳೆಯಿರಿ. ಒಬ್ಬರು ಹೊರಡುವ ಗೆರೆಯ ಬಳಿ ನಿಂತು, ಸೀಟಿ ಊದುತ್ತಲೇ ಎತ್ತಿ ಹಿಡಿದ ಕರವಸ್ತ್ರವನ್ನು ಕೆಳಗಿಳಿಸಲಿ. ಮುಕ್ತಾಯದ ಗೆರೆಯಲ್ಲಿ ಸ್ಟಾಪ್‌ವಾಚ್ ಹಿಡಿದವರು ಯಾವುದನ್ನು ಗಮನಿಸಿ ಗುಂಡಿ ಒತ್ತಬೇಕು, ಸೀಟಿಯನ್ನೋ, ಕರವಸ್ತ್ರವನ್ನೋ?

ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹಾಗಾದರೆ 100 ಮೀಟರ್ ಬರಲು ಸುಮಾರು 0.3 ಸೆಕೆಂಡು ಬೇಕು. ಬೆಳಕಿಗೆ ಅಷ್ಟು ತಡವಿಲ್ಲ. ಬರ್ಲಿನ್ನಿನ 100 ಮೀಟರ್ ಓಟದಲ್ಲಿ ಓವೆನ್ಸ್‌ಗೂ ಎರಡನೆಯವರಾದ ಮೆಟ್‌ಕಾಫ್‌ಗೂ ಇದ್ದ ಅಂತರ 0.1 ಸೆಕೆಂಡು ಮಾತ್ರ! ಸೀಟಿ ಕೇಳಿ ಅಳೆದರೆ ನಮ್ಮ ತಪ್ಪೇ ಅದರ ಮೂರರಷ್ಟಾಗುತ್ತದೆ.

ಗೆಳೆಯ ಗೆಳತಿಯರ ಸಮಯ ಅಳೆದು ಪಟ್ಟಿ ಮಾಡಿ. ಎರಡು ತಿಂಗಳು ಅಭ್ಯಾಸ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಏನು ಬದಲಾಯಿತು ಎಂದು ನಿಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಚರ್ಚಿಸಿ.