ವಿಲಿಯಂ ಅಲೆನ್ ವೈಟ್

ವಿಲಿಯಂ ಅಲೆನ್ ವೈಟ್ (10 ಫೆಬ್ರುವರಿ 1868 – 29 ಜನವರಿ 1944) ಅಮೆರಿಕ ಸಂಯುಕ್ತ ಸಂಸ್ಥಾನದ ಖ್ಯಾತ ಪತ್ರಕರ್ತರು ಮತ್ತು ಲೇಖಕರು. ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಪಟ್ಟಣದ ‘ಎಂಪೋರಿಯಾ ಗೆಜೆಟ್’ ದಿನಪತ್ರಿಕೆಯ ಒಡೆಯರೂ ಸಂಪಾದಕರೂ ಆಗಿ 1895ರಿಂದ ಜೀವನದ ಕೊನೆಯವರೆಗೆ ದುಡಿದರು. ಒಂದು ಕುಟುಂಬದ ಒಡೆತನದಲ್ಲಿರುವ ಊರ ಪತ್ರಿಕೆಯ ಮಾತಿಗೆ ಇಡೀ ದೇಶವೇ ಕಿವಿಗೊಡಬಹುದು ಎಂಬುದಕ್ಕೆ ಅವರ ಬದುಕು ನಿದರ್ಶನವಾಗಿದೆ.

ಜನನ ಮತ್ತು ಬಾಲ್ಯ

ವೈಟ್ ಅವರು ಎಂಪೋರಿಯಾದಲ್ಲಿ ಜನಿಸಿದರು. ತಂದೆ ಅಲೆನ್ ವೈಟ್ ವೈದ್ಯರೂ ವ್ಯಾಪಾರಿಯೂ ಆಗಿದ್ದರು. ತಾಯಿ ಮೇರಿ ಆನ್ ಶಾಲಾ ಶಿಕ್ಷಕಿಯಾಗಿದ್ದವರು. ಬಾಲ್ಯವು ಅದೇ ರಾಜ್ಯದ ಎಲ್ ಡೊರಾಡೊ ಎಂಬ ಊರಿನಲ್ಲಿ ಕಳೆಯಿತು. 1882ರಲ್ಲಿ ತಂದೆ ತೀರಿಕೊಂಡರು. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದಿದರೂ ಪದವಿ ಪಡೆಯುವ ಮೊದಲೇ ಪತ್ರಿಕಾ ವೃತ್ತಿಗೆ ಇಳಿದ ಅವರು, 1892ರಿಂದ ‘ಕ್ಯಾನ್ಸಸ್ ಸಿಟಿ ಸ್ಟಾರ್’ ಪತ್ರಿಕೆಯಲ್ಲಿ ಸಂಪಾದಕೀಯ ಲೇಖಕರಾಗಿದ್ದರು. 1893ರಲ್ಲಿ ಸ್ಯಾಲಿ ಲಿಂಡ್ಸೆ ಅವರನ್ನು ವಿವಾಹವಾದರು. ಪತಿಯ ಬರವಣಿಗೆಯಲ್ಲೂ ಪತ್ರಿಕೆಯ ಕೆಲಸದಲ್ಲೂ ಸ್ಯಾಲಿ ಅವರ ಪಾಲು ದೊಡ್ಡದು.

ಗೆಜೆಟ್ ಪತ್ರಿಕೆ

1895ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ವೈಟ್ ಅವರು 3,000 ಡಾಲರ್ ಸಾಲ ಮಾಡಿ ಗೆಜೆಟ್ ಪತ್ರಿಕೆಯನ್ನು ಕೊಂಡರು. ಮದುವೆ, ಮರಣ, ಬೆಳೆ, ಮಳೆ, ಶಾಲೆಯ ಸಮಾರಂಭ, ಊರಿಗೆ ಬಂದುಹೋದವರ ಹೆಸರು — ಇವೇ ಊರ ಪತ್ರಿಕೆಯ ಜೀವಾಳವೆಂದು ಅವರು ನಂಬಿದ್ದರು. ಚಂದಾದಾರರೂ ಜಾಹೀರಾತು ಕೊಡುವ ಅಂಗಡಿಯವರೂ ನಿತ್ಯ ಬೀದಿಯಲ್ಲಿ ಎದುರಾಗುವ ಪರಿಚಿತರೇ ಆಗಿದ್ದರು. ಇಂತಹ ಊರಿನಲ್ಲಿ ನಿಷ್ಠುರವಾಗಿ ಬರೆಯುವುದು ದೂರದ ಮಹಾನಗರದಲ್ಲಿ ಕುಳಿತು ಬರೆಯುವುದಕ್ಕಿಂತ ಕಷ್ಟ. ದೊಡ್ಡ ಪತ್ರಿಕೆಗಳಿಂದ ಕರೆ ಬಂದಾಗಲೂ ವೈಟ್ ಅವರು ಎಂಪೋರಿಯಾ ಬಿಟ್ಟು ಹೋಗಲಿಲ್ಲ.

1896ರ ಆಗಸ್ಟ್‌ನಲ್ಲಿ, ರೈತರ ಬೆಂಬಲ ಪಡೆದಿದ್ದ ಪಾಪ್ಯುಲಿಸ್ಟ್ ಪಕ್ಷದವರೊಡನೆ ಬೀದಿಯಲ್ಲಿ ನಡೆದ ವಾಗ್ವಾದದ ಸಿಟ್ಟಿನಲ್ಲಿ ಅವರು ಒಂದು ಸಂಪಾದಕೀಯ ಬರೆದರು. ಕ್ಯಾನ್ಸಸ್‌ಗೆ ಏನಾಗಿದೆ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆಯಾಗಿತ್ತು. ರಿಪಬ್ಲಿಕನ್ ಪಕ್ಷವು ವಿಲಿಯಂ ಮೆಕಿನ್ಲಿ ಅವರ ಅಧ್ಯಕ್ಷೀಯ ಚುನಾವಣೆಯ ಪ್ರಚಾರಕ್ಕಾಗಿ ಆ ಬರಹವನ್ನು ದೇಶದಾದ್ಯಂತ ಹಂಚಿತು. ವೈಟ್ ಅವರು ಒಮ್ಮೆಲೇ ಪ್ರಸಿದ್ಧರಾದರು. ಆದರೆ ಮುಂದೆ ಥಿಯೋಡರ್ ರೂಸ್ವೆಲ್ಟ್ ಅವರ ಸ್ನೇಹದಿಂದ ಅವರ ವಿಚಾರಗಳು ಬದಲಾದವು. ತಾವು ಹಿಂದೆ ಗೇಲಿ ಮಾಡಿದ್ದ ಹಲವು ಸುಧಾರಣೆಗಳನ್ನೇ ಬೆಂಬಲಿಸಿದರು. ತಮ್ಮನ್ನು ಪ್ರಸಿದ್ಧಿಗೆ ತಂದ ಲೇಖನದ ನಿಲುವು ತಪ್ಪೆಂದು ಒಪ್ಪಿಕೊಳ್ಳಲು ಅವರು ಹಿಂಜರಿಯಲಿಲ್ಲ.

ಮಗಳ ಮರಣ

1921ರ ಮೇ ತಿಂಗಳಲ್ಲಿ ಅವರ 16 ವರ್ಷದ ಮಗಳು ಮೇರಿ ಕುದುರೆ ಸವಾರಿ ಮಾಡುತ್ತಿದ್ದಾಗ ಮರದ ಕೊಂಬೆಗೆ ತಲೆ ತಾಗಿ ಗಾಯಗೊಂಡು ಮೃತಪಟ್ಟಳು. ಕೆಲವೇ ದಿನಗಳಲ್ಲಿ ವೈಟ್ ಅವರು ಆಕೆಯ ಕುರಿತು ಗೆಜೆಟ್‌ನಲ್ಲಿ ಬರೆದರು. ಊರಿನ ಇತರರ ಮರಣವಾರ್ತೆಯನ್ನು ಪ್ರಕಟಿಸುತ್ತಿದ್ದ ಪತ್ರಿಕೆಯಲ್ಲಿಯೇ ತಂದೆಯೊಬ್ಬರು ಮಗಳ ನಗು, ಹಠ, ಗೆಳೆತನಗಳನ್ನು ನೆನೆದ ಆ ಬರಹವು ಅನೇಕ ಪತ್ರಿಕೆಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಮರುಮುದ್ರಣಗೊಂಡಿತು.

ವಾಕ್‌ಸ್ವಾತಂತ್ರ್ಯದ ಹೋರಾಟ

1922ರಲ್ಲಿ ರೈಲ್ವೆ ಕಾರ್ಯಾಗಾರಗಳ ಕಾರ್ಮಿಕರು ಮುಷ್ಕರ ಹೂಡಿದರು. ಅವರನ್ನು ಬೆಂಬಲಿಸುವ ಭಿತ್ತಿಪತ್ರಗಳನ್ನು ಅಂಗಡಿಗಳಲ್ಲಿ ತೂಗುಹಾಕುವುದನ್ನು ರಾಜ್ಯಪಾಲ ಹೆನ್ರಿ ಅಲೆನ್ ನಿಷೇಧಿಸಿದರು. ಅಲೆನ್ ಅವರು ವೈಟ್ ಅವರ ಆಪ್ತಮಿತ್ರರು. ವೈಟ್ ಅವರು ಮುಷ್ಕರವನ್ನು ಪೂರ್ಣವಾಗಿ ಒಪ್ಪಿದವರಲ್ಲ. ಆದರೂ ಅಭಿಪ್ರಾಯ ಹೇಳುವ ಹಕ್ಕನ್ನು ಕಸಿಯಬಾರದೆಂದು, ತಮ್ಮ ಬೆಂಬಲ ಶೇಕಡ 49ರಷ್ಟು ಎಂದು ಬರೆದ ಭಿತ್ತಿಪತ್ರವನ್ನು ಪತ್ರಿಕಾ ಕಚೇರಿಯ ಕಿಟಕಿಯಲ್ಲಿ ಹಾಕಿದರು. ಅವರ ಬಂಧನವಾಯಿತು, ಮೊಕದ್ದಮೆ ಮುಂದೆ ಬಿದ್ದುಹೋಯಿತು. ಕಳವಳಗೊಂಡ ಸ್ನೇಹಿತನನ್ನು ಉದ್ದೇಶಿಸಿ ವಾಕ್‌ಸ್ವಾತಂತ್ರ್ಯದ ಬಗ್ಗೆ ಆಗ ಅವರು ಬರೆದ ಸಂಪಾದಕೀಯಕ್ಕೆ 1923ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು.

ಅದೇ ಕಾಲದಲ್ಲಿ ಕಪ್ಪು ಜನರು, ಕ್ಯಾಥೊಲಿಕರು, ಯೆಹೂದಿಗಳು ಮತ್ತು ವಲಸಿಗರ ಮೇಲೆ ದ್ವೇಷ ಕಾರುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಕ್ಯಾನ್ಸಸ್‌ನಲ್ಲಿ ಬಲಗೊಂಡಿತ್ತು. ಪ್ರಮುಖ ಪಕ್ಷಗಳ ಅಭ್ಯರ್ಥಿಗಳು ಅದನ್ನು ಗಟ್ಟಿಯಾಗಿ ಎದುರಿಸುತ್ತಿಲ್ಲವೆಂದು ಭಾವಿಸಿದ ವೈಟ್ ಅವರು 1924ರಲ್ಲಿ ರಾಜ್ಯಪಾಲರ ಚುನಾವಣೆಗೆ ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಮೂರನೆಯ ಸ್ಥಾನ ಪಡೆದು ಸೋತರೂ ಸುಮಾರು ಒಂದೂವರೆ ಲಕ್ಷ ಮತಗಳನ್ನು ಗಳಿಸಿದರು. ನೆರೆಹೊರೆಯವರಲ್ಲೇ ಆ ಸಂಘಟನೆಯ ಬೆಂಬಲಿಗರಿದ್ದ ದಿನಗಳಲ್ಲಿ ಊರ ಪತ್ರಿಕೆಯೊಂದು ತೆಗೆದುಕೊಂಡ ಈ ನಿಲುವು ಸಾಮಾನ್ಯವಾದುದಲ್ಲ.

ಕೊನೆಯ ವರ್ಷಗಳು ಮತ್ತು ಪರಂಪರೆ

ಎರಡನೆಯ ಮಹಾಯುದ್ಧದ ಆರಂಭದಲ್ಲಿ, ಬ್ರಿಟನ್ ಮತ್ತು ಮಿತ್ರರಾಷ್ಟ್ರಗಳಿಗೆ ನೆರವು ನೀಡಬೇಕೆಂದು ಒತ್ತಾಯಿಸಲು 1940ರಲ್ಲಿ ರಚನೆಯಾದ ಸಮಿತಿಗೆ ವೈಟ್ ಅವರು ಅಧ್ಯಕ್ಷರಾಗಿದ್ದರು. 1944ರಲ್ಲಿ ಎಂಪೋರಿಯಾದಲ್ಲಿಯೇ ನಿಧನರಾದರು. ಮರಣಾನಂತರ 1946ರಲ್ಲಿ ಪ್ರಕಟವಾದ ಅವರ ಆತ್ಮಕಥೆಗೆ 1947ರ ಪುಲಿಟ್ಜರ್ ಪ್ರಶಸ್ತಿ ಸಂದಿತು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗಕ್ಕೆ ಅವರ ಹೆಸರನ್ನಿಡಲಾಗಿದೆ. 1952ರಲ್ಲಿ ಅವರ ಹೆಸರಿನಲ್ಲಿ ಮಕ್ಕಳ ಪುಸ್ತಕಗಳಿಗೆ ಪ್ರಶಸ್ತಿಯೊಂದು ಸ್ಥಾಪನೆಯಾಯಿತು.

ತಂದೆಯ ನಂತರ ಮಗ ವಿಲಿಯಂ ಲಿಂಡ್ಸೆ ವೈಟ್ ಗೆಜೆಟ್‌ನ ಹೊಣೆ ಹೊತ್ತರು. 1973ರಲ್ಲಿ ಅವರು ತೀರಿಕೊಂಡ ಬಳಿಕವೂ ಪತ್ರಿಕೆಯು ಹೊರಗಿನ ಸಂಸ್ಥೆಯ ಪಾಲಾಗದೆ ಅದೇ ಕುಟುಂಬದ ಮುಂದಿನ ಪೀಳಿಗೆಯ ಕೈಗೆ ಬಂದಿತು. ಸಾಲದ ಹಣದಿಂದ ಆರಂಭವಾದ ಒಡೆತನವು ಹೀಗೆ ಮನೆತನದ ವೃತ್ತಿಯಾಗಿ ಬೆಳೆಯಿತು.