ಕರ್ಜನ್ ಪ್ರಭುವೂ ಹಳೆಯ ಮನೆಗಳೂ

ಕರ್ಜನ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಹೈಸ್ಕೂಲಿನ ಚರಿತ್ರೆಯ ಪಾಠದಲ್ಲಿ. 1905ರಲ್ಲಿ ಬಂಗಾಳವನ್ನು ಎರಡಾಗಿ ಒಡೆದವನು ಎಂಬುದೊಂದೇ ಅವನ ವಿಷಯವಾಗಿ ನನಗೆ ತಿಳಿದಿದ್ದ ಸಂಗತಿ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಅವನನ್ನು ದ್ವೇಷಿಸುವುದಕ್ಕೂ ಅಷ್ಟು ಸಾಕಾಗಿತ್ತು.

ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಇತಿಹಾಸ ವಿಭಾಗದವರು ವಿಜಯಪುರಕ್ಕೆ ಪ್ರವಾಸ ಏರ್ಪಡಿಸಿದ್ದರು. ಗೋಲಗುಮ್ಮಟದಲ್ಲಿ ಎಲ್ಲರಂತೆ ನಾವೂ ಕೂಗಿ ಪ್ರತಿಧ್ವನಿ ಕೇಳಿದೆವು. ಸಂಜೆ ಹುಲ್ಲಿನ ಮೇಲೆ ಕುಳಿತಾಗ ನಮ್ಮ ಗುರುಗಳು ಒಂದು ಪ್ರಶ್ನೆ ಹಾಕಿದರು. ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಊರಿನ ಒಂದು ಹಳೆಯ ಮಸೀದಿ ಸರ್ಕಾರಿ ಪ್ರವಾಸಿ ಬಂಗಲೆಯಾಗಿತ್ತು, ಇನ್ನೊಂದರಲ್ಲಿ ಅಂಚೆ ಕಚೇರಿ ನಡೆಯುತ್ತಿತ್ತು. ಅವುಗಳನ್ನು ಅಲ್ಲಿಂದ ಎಬ್ಬಿಸಲು ಹೊರಟವನು ಯಾರು? ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಕರ್ಜನ್ ಎಂದು ಗುರುಗಳೇ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ.

ಅದೇ ಬೇಸಿಗೆಯಲ್ಲಿ ನಮ್ಮ ಊರಿನ ವಾಡೆಗೆ ಒದಗಿದ ಗತಿಯನ್ನು ಕಣ್ಣಾರೆ ಕಂಡೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದನ್ನು ಕಂಡ ಮೇಲೆಯೇ ಈ ಮನುಷ್ಯನ ಜೀವನವನ್ನು ಹುಡುಕಿ ಓದಬೇಕೆನ್ನಿಸಿತು.

ಜಾರ್ಜ್ ನೆಥೇನಿಯಲ್ ಕರ್ಜನ್ ಹುಟ್ಟಿದ್ದು 1859ರ ಜನವರಿ 11ರಂದು, ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಕೆಡ್ಲ್‌ಸ್ಟನ್ ಎಂಬಲ್ಲಿ. ಕರ್ಜನ್ ಮನೆತನದವರು ಅಲ್ಲಿ ಅನೇಕ ಶತಮಾನಗಳಿಂದ ಜಮೀನುದಾರರಾಗಿದ್ದರು. ಅವರ ದೊಡ್ಡ ಮನೆಯನ್ನು 1760ರ ಸುಮಾರಿನಲ್ಲಿ ಕಟ್ಟಿಸಿದವನು ಈತನ ಪೂರ್ವಿಕನಾದ ಸರ್ ನೆಥೇನಿಯಲ್ ಕರ್ಜನ್. ಅದಕ್ಕೆ ರೂಪ ಕೊಟ್ಟವನು ಹೆಸರಾಂತ ವಾಸ್ತುಶಿಲ್ಪಿ ರಾಬರ್ಟ್ ಆಡಮ್. ಅಲ್ಲಿನ ಅಮೃತಶಿಲೆಯ ಸಭಾಂಗಣದಲ್ಲಿ ಆ ಸೀಮೆಯಲ್ಲೇ ದೊರೆಯುವ ಅಲಬಾಸ್ಟರ್ ಕಲ್ಲಿನ 20 ಕಂಬಗಳು ನಿಂತಿವೆ. ಆ ಮನೆಗೂ ಅದರ ತೋಟಕ್ಕೂ ಜಾಗ ಬೇಕೆಂದು ಅಲ್ಲಿದ್ದ ಹಳ್ಳಿಯನ್ನೇ ಎತ್ತಿ ಬೇರೆಡೆಗೆ ಸಾಗಿಸಿದರು. ಹಳೆಯ ಇಗರ್ಜಿಯೊಂದೇ ಮನೆಯ ಪಕ್ಕದಲ್ಲಿ ಉಳಿಯಿತು. ದೊಡ್ಡ ಮನೆಗಳ ಕಥೆಯಲ್ಲಿ ಎತ್ತಂಗಡಿಯಾದ ಹಳ್ಳಿಯನ್ನು ಮರೆಯಬಾರದು.

ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ಸುಖವಿತ್ತೆಂದು ಯಾರೂ ಊಹಿಸಬಹುದು. ಸಂಗತಿ ಹಾಗಿರಲಿಲ್ಲ. ತಂದೆ ಆ ಇಗರ್ಜಿಯ ಪಾದ್ರಿ, ಮಿತಭಾಷಿ. ಮಕ್ಕಳನ್ನು ನೋಡಿಕೊಳ್ಳಲು ಇದ್ದ ಶಿಕ್ಷಕಿ ಕ್ರೂರಿ. ಸಣ್ಣ ತಪ್ಪಿಗೂ ಹೊಡೆಯುವಳು. ಅಪರಾಧಿಯಂತೆ ಟೊಪ್ಪಿಗೆ ತೊಡಿಸಿ ಊರ ಜನರೆದುರು ನಡೆಸುವಳು. ಹದಿನಾರನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ಹದಿಹರೆಯದಲ್ಲೇ ಬೆನ್ನುಮೂಳೆಗೆ ಪೆಟ್ಟಾಗಿ, ಬದುಕಿನುದ್ದಕ್ಕೂ ನೋವಿನ ಜೊತೆಗೆ ಬಿಗಿಯಾದ ಪಟ್ಟಿಯೊಂದನ್ನು ಕಟ್ಟಿಕೊಂಡೇ ಓಡಾಡಬೇಕಾಯಿತು. ಅವನ ನೆಟ್ಟನೆಯ ನಿಲುವನ್ನು ಕಂಡವರು ಅಹಂಕಾರವೆಂದರು. ಅಹಂಕಾರವೂ ಇತ್ತು, ನೋವೂ ಇತ್ತು.

ಈಟನ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿಯೂ ಓದಿ ಆತ ಒಳ್ಳೆಯ ವಾಗ್ಮಿಯೆನಿಸಿದನು. 1886ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. ಮಧ್ಯ ಏಷ್ಯ, ಪರ್ಷಿಯ, ಚೀನ, ಕೊರಿಯ ಮೊದಲಾದ ದೇಶಗಳನ್ನು ಸುತ್ತಿ ದೊಡ್ಡ ದೊಡ್ಡ ಗ್ರಂಥಗಳನ್ನು ಬರೆದನು. 1895ರಲ್ಲಿ ಅಮೆರಿಕದ ಶ್ರೀಮಂತ ವರ್ತಕನೊಬ್ಬನ ಮಗಳಾದ ಮೇರಿ ಲೈಟರಳನ್ನು ಮದುವೆಯಾದನು. 1899ರ ಜನವರಿಯಲ್ಲಿ, ನಲವತ್ತು ತುಂಬುವ ಹೊತ್ತಿಗೆ, ಭಾರತದ ವೈಸರಾಯಿಯಾಗಿ ಕಲ್ಕತ್ತೆಯಲ್ಲಿ ಅಧಿಕಾರ ವಹಿಸಿಕೊಂಡನು.

ಕಲ್ಕತ್ತೆಯಲ್ಲಿ ಅವನಿಗೆ ಒಂದು ಆಶ್ಚರ್ಯ ಕಾದಿತ್ತೆನ್ನಬಹುದು. ಆದರೆ ಅದು ಅವನಿಗೆ ಚೆನ್ನಾಗಿ ತಿಳಿದಿದ್ದ ಆಶ್ಚರ್ಯವೇ. ವೆಲ್ಲೆಸ್ಲಿ 1799ರಿಂದ 1803ರವರೆಗೆ ಕಟ್ಟಿಸಿದ ಅಲ್ಲಿನ ಸರ್ಕಾರಿ ಭವನಕ್ಕೆ ಕೆಡ್ಲ್‌ಸ್ಟನ್ ಮನೆಯ ನಕ್ಷೆಯೇ ಮಾದರಿ. ಕೆಡ್ಲ್‌ಸ್ಟನ್ನಿನಲ್ಲಿ ನಾಲ್ಕು ಪಾರ್ಶ್ವಗಳನ್ನು ಯೋಚಿಸಿ ಎರಡನ್ನೇ ಕಟ್ಟಿದ್ದರು. ಕಲ್ಕತ್ತೆಯಲ್ಲಿ ನಾಲ್ಕನ್ನೂ ಕಟ್ಟಿದರು. ಹೀಗೆ ಆತ ಏಳು ಸಾವಿರ ಕಿಲೋಮೀಟರುಗಳಿಗಿಂತ ದೂರದ ಪರದೇಶದಲ್ಲಿ ತನ್ನ ತಂದೆಯ ಮನೆಯನ್ನೇ ಹೋಲುವ ಮನೆಗೆ ಯಜಮಾನನಾದನು. ಅದಕ್ಕೆ ವಿದ್ಯುದ್ದೀಪವನ್ನೂ ಲಿಫ್ಟನ್ನೂ ಹಾಕಿಸಿದವನು ಅವನೇ. ಇಂದು ಅದರಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರು ವಾಸಿಸುತ್ತಾರೆ.

ಭಾರತದ ಹಳೆಯ ಕಟ್ಟಡಗಳ ಅವಸ್ಥೆ ಆಗ ಶೋಚನೀಯವಾಗಿತ್ತು. ಕೋಟೆಗಳು ಸೈನ್ಯದ ಉಗ್ರಾಣಗಳಾಗಿದ್ದವು. ಅರಮನೆಗಳ ಗೋಡೆಗೆ ಸುಣ್ಣ ಬಳಿದು ಕಚೇರಿ ಮಾಡಿದ್ದರು. ಹಾಳಾದ ಗುಡಿಗಳ ಕಲ್ಲನ್ನು ಸೇತುವೆಗೂ ರಸ್ತೆಗೂ ಬಳಸಿದ್ದರು. ಕರ್ಜನ್ ತನ್ನ ಪ್ರವಾಸಗಳಲ್ಲಿ ಇವನ್ನೆಲ್ಲ ಒಂದೊಂದಾಗಿ ನೋಡಿದನು. 1902ರಲ್ಲಿ ಜಾನ್ ಮಾರ್ಷಲ್ ಎಂಬ ತರುಣ ವಿದ್ವಾಂಸನನ್ನು ಪುರಾತತ್ವ ಇಲಾಖೆಯ ಮುಖ್ಯಸ್ಥನನ್ನಾಗಿ ಕರೆಸಿದನು. ಮುಂದೆ ಹರಪ್ಪ, ಮೊಹೆಂಜೊದಾರೊಗಳ ಉತ್ಖನನ ನಡೆದದ್ದು ಈ ಮಾರ್ಷಲನ ಕಾಲದಲ್ಲಿಯೇ. ಆಗ್ರಾದ ತಾಜಮಹಲಿನ ತೋಟವನ್ನು ಸರಿಪಡಿಸಿದ್ದಲ್ಲದೆ, ಒಳಗೆ ತೂಗುಹಾಕಲು ಕೈರೋ ನಗರದಲ್ಲಿ ಒಂದು ದೀಪವನ್ನು ಮಾಡಿಸಿ ಕಾಣಿಕೆಯಾಗಿ ಕೊಟ್ಟನು. ಎಲ್ಲಕ್ಕಿಂತ ಮುಖ್ಯವಾದದ್ದು 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ. ಒಂದು ಕಟ್ಟಡವನ್ನು ರಕ್ಷಿತವೆಂದು ಸಾರುವುದು, ಒಡೆಯನೊಡನೆ ಒಪ್ಪಂದ ಮಾಡಿಕೊಂಡು ಅದನ್ನು ಕಾಯುವುದು, ಕೆಡಿಸಿದವರನ್ನು ಶಿಕ್ಷಿಸುವುದು, ಪ್ರಾಚೀನ ವಸ್ತುಗಳ ಸಾಗಾಟವನ್ನು ತಡೆಯುವುದು, ಇವೆಲ್ಲಕ್ಕೂ ಸರ್ಕಾರಕ್ಕೆ ಅಧಿಕಾರ ಬಂದದ್ದು ಅದರಿಂದ. ಸ್ವತಂತ್ರ ಭಾರತವು 1958ರಲ್ಲಿ ಮಾಡಿಕೊಂಡ ಕಾಯಿದೆಯ ಬೇರು ಅಲ್ಲಿದೆ.

ನಮ್ಮ ಮೈಸೂರಿಗೂ ಆತ ಬಂದಿದ್ದನು. 1902ರ ಆಗಸ್ಟ್ 8ರಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಡುವ ದರ್ಬಾರು ಜಗನ್ಮೋಹನ ಅರಮನೆಯಲ್ಲಿ ನಡೆಯಿತು. ದೊಡ್ಡ ಅರಮನೆಯಲ್ಲಿ ಏಕೆ ನಡೆಯಲಿಲ್ಲವೆಂದರೆ ಮರದ ಹಳೆಯ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಸಂಭ್ರಮದಲ್ಲಿ, ಬೆಂಕಿಗೆ ಆಹುತಿಯಾಗಿತ್ತು. ಇಂದು ನಾವು ದಸರೆಯಲ್ಲಿ ದೀಪಗಳಿಂದ ಹೊಳೆಯುವುದನ್ನು ಕಾಣುವ ಅರಮನೆಯ ಕೆಲಸ ಆಗಿನ್ನೂ ನಡೆಯುತ್ತಿತ್ತು. ಅದು ಮುಗಿದದ್ದು 1912ರಲ್ಲಿ. ಹೀಗೆ ಆ ದಿನದ ದರ್ಬಾರು ಕಳೆದುಹೋದ ಒಂದು ಮನೆಗೂ ಇನ್ನೂ ಏಳದ ಒಂದು ಮನೆಗೂ ನಡುವೆ ನಡೆಯಿತು.

ಆದರೆ ಕಲ್ಲುಗಳ ಬಗ್ಗೆ ಇಷ್ಟು ಮೃದುವಾಗಿದ್ದ ಮನಸ್ಸು ಮನುಷ್ಯರ ಬಗ್ಗೆ ಹಾಗಿರಲಿಲ್ಲ. ಈ ದೇಶದವರು ತಮ್ಮನ್ನು ತಾವು ಆಳಿಕೊಳ್ಳಬಲ್ಲರೆಂದು ಆತ ನಂಬಲಿಲ್ಲ. ಬಂಗಾಳದ ಜನ ಬೇಡವೆಂದು ಮೊರೆಯಿಟ್ಟರೂ ಕಿವಿಗೊಡದೆ 1905ರ ಅಕ್ಟೋಬರ್ 16ರಂದು ಪ್ರಾಂತವನ್ನು ವಿಭಾಗಿಸಿದನು. ಸ್ವದೇಶಿ ಚಳವಳಿ ದೇಶವನ್ನೆಲ್ಲ ವ್ಯಾಪಿಸಿತು. 1911ರಲ್ಲಿ ಸರ್ಕಾರವೇ ಆ ವಿಭಜನೆಯನ್ನು ರದ್ದುಮಾಡಬೇಕಾಯಿತು. ಅಷ್ಟರಲ್ಲಿ ಆತ ಇಲ್ಲಿರಲಿಲ್ಲ. ಸೇನಾಪತಿ ಕಿಚನರನೊಡನೆ ಜಗಳವಾಗಿ, ಲಂಡನ್ನಿನ ಸರ್ಕಾರ ತನ್ನ ಪಕ್ಷ ವಹಿಸದಿದ್ದುದರಿಂದ ರಾಜೀನಾಮೆಯಿತ್ತು 1905ರ ನವೆಂಬರಿನಲ್ಲಿ ಭಾರತವನ್ನು ಬಿಟ್ಟಿದ್ದನು.

ತವರಿಗೆ ಮರಳಿದ ಮರುವರ್ಷವೇ, 1906ರ ಜುಲೈಯಲ್ಲಿ, ಪತ್ನಿ ಮೇರಿ 36ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮೂವರು ಚಿಕ್ಕ ಹೆಣ್ಣುಮಕ್ಕಳು. ಕೆಡ್ಲ್‌ಸ್ಟನ್ನಿನ ಆ ಹಳೆಯ ಇಗರ್ಜಿಗೆ ಸೇರಿಸಿ ಒಂದು ಗುಡಿಯನ್ನು ಕಟ್ಟಿಸಿ, ಮ್ಯಾಕೆನ್ನಲ್ ಎಂಬ ಶಿಲ್ಪಿಯಿಂದ ಬಿಳಿಯ ಅಮೃತಶಿಲೆಯಲ್ಲಿ ಅವಳ ಸಮಾಧಿಯನ್ನು ಮಾಡಿಸಿದನು. ಪಕ್ಕದಲ್ಲಿ ತನ್ನ ಪ್ರತಿಮೆಗೂ ಅಲ್ಲೇ ಸ್ಥಳವನ್ನು ಗೊತ್ತುಮಾಡಿಕೊಂಡನು.

ಇನ್ನು ನನಗೆ ಬಹಳ ಹಿಡಿಸಿದ ಪ್ರಸಂಗಕ್ಕೆ ಬರುತ್ತೇನೆ. ಲಿಂಕನ್‌ಶೈರ್ ಪ್ರಾಂತದ ಟ್ಯಾಟರ್ಸಾಲ್ ಎಂಬಲ್ಲಿ ಕೆಂಪು ಇಟ್ಟಿಗೆಯ ಒಂದು ಎತ್ತರದ ಕೋಟೆಮನೆಯಿದೆ. ಹದಿನೈದನೆಯ ಶತಮಾನದಲ್ಲಿ ಇಂಗ್ಲೆಂಡಿನ ಖಜಾನೆಯ ಅಧಿಕಾರಿಯಾಗಿದ್ದ ರಾಲ್ಫ್ ಕ್ರಾಮ್‌ವೆಲ್ ಅದನ್ನು ಕಟ್ಟಿಸಿದ್ದು. ಹಾಳುಬಿದ್ದಿದ್ದ ಆ ಕೋಟೆ 1910ರ ಸುಮಾರಿನಲ್ಲಿ ವ್ಯಾಪಾರಿಗಳ ಕೈಗೆ ಬಿದ್ದಿತು. ಅದರ ಒಳಗಿನ ಕೆತ್ತನೆಯ ದೊಡ್ಡ ಅಗ್ಗಿಷ್ಟಿಕೆಗಳನ್ನು ಗೋಡೆಯಿಂದ ಕಿತ್ತು ಅಮೆರಿಕಕ್ಕೆ ಸಾಗಿಸಲೆಂದು ಒಯ್ದುಬಿಟ್ಟರು. ಸುದ್ದಿ ತಿಳಿದ ಕರ್ಜನ್ 1911ರಲ್ಲಿ ಸ್ವಂತ ಹಣದಿಂದ ಕೋಟೆಯನ್ನು ಕೊಂಡನು. ಅಷ್ಟಕ್ಕೇ ಸುಮ್ಮನಿರದೆ ಅಗ್ಗಿಷ್ಟಿಕೆಗಳೆಲ್ಲಿವೆಯೆಂದು ಹುಡುಕಿಸಿದನು. ಅವು ಇನ್ನೂ ಹಡಗು ಏರಿರಲಿಲ್ಲ. ಲಂಡನ್ನಿನಿಂದ ಅವನ್ನು ಬಿಡಿಸಿಕೊಂಡು 1912ರಲ್ಲಿ ಊರಿಗೆ ತಂದು, ಇದ್ದ ಸ್ಥಳದಲ್ಲೇ ಕೂಡಿಸಿದನು. ದುರಸ್ತಿ ಮುಗಿದ ಮೇಲೆ 1914ರಲ್ಲಿ ಕೋಟೆಯನ್ನು ಸಾರ್ವಜನಿಕರಿಗೆ ತೆರೆದನು.

ಆ ಗಲಾಟೆಯ ಫಲವಾಗಿ 1913ರಲ್ಲಿ ಬ್ರಿಟನ್ನಿನಲ್ಲಿಯೂ ಹೆಚ್ಚು ಬಲವುಳ್ಳ ಸ್ಮಾರಕ ಕಾಯಿದೆ ಬಂದಿತು. ಭಾರತದಲ್ಲಿ ಒಂಬತ್ತು ವರ್ಷ ಮೊದಲೇ ಮಾಡಿದ್ದ ಕೆಲಸ ಅದು. ಆದರೆ ಅದರಲ್ಲಿ ಒಂದು ದೊಡ್ಡ ಕಂಡಿ ಉಳಿಯಿತು: ಜನ ವಾಸವಾಗಿರುವ ಮನೆಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಸ್ವಂತ ಮನೆಯನ್ನು ಉಳಿಸುವುದೂ ಕೆಡವುವುದೂ ಒಡೆಯನ ಇಚ್ಛೆಗೇ ಬಿಟ್ಟದ್ದೆಂದು ಆ ಕಾಲದ ಜಮೀನುದಾರರು ತಿಳಿದಿದ್ದರು.

ಆ ಕಂಡಿಯ ಮೂಲಕ ಹೋದ ಮನೆಗಳಿಗೆ ಲೆಕ್ಕವಿಲ್ಲ. ದೊಡ್ಡ ಮನೆ ನಿಲ್ಲುತ್ತಿದ್ದದ್ದು ಜಮೀನಿನ ಉತ್ಪನ್ನದ ಮೇಲೆ. 1870ರ ದಶಕದ ಕೊನೆಯಿಂದ ಅಮೆರಿಕದ ಅಗ್ಗದ ಗೋಧಿ ಬಂದು ಬಿದ್ದಾಗ ಗೇಣಿ ಇಳಿಯಿತು. 1894ರಲ್ಲಿ ಮರಣ ತೆರಿಗೆ ಬಂತು; 1919ರ ವೇಳೆಗೆ ಅತಿ ದೊಡ್ಡ ಆಸ್ತಿಗಳ ಮೇಲೆ ಅದು ನೂರಕ್ಕೆ 40ಕ್ಕೆ ಏರಿತು. ಮಹಾಯುದ್ಧದಲ್ಲಿ ಮನೆಯ ಗಂಡುಮಕ್ಕಳು ಸತ್ತರು, ಆಳುಕಾಳು ಸಿಗದಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡೊಂದರಲ್ಲೇ ಇಂಥ ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಕರ್ಜನ್ 1915ರಿಂದ ಬಾಡಿಗೆಗೆ ಹಿಡಿದಿದ್ದ ಸಾಮರ್ಸೆಟ್ಟಿನ ಮಾಂಟಕ್ಯೂಟ್ ಮನೆ ಸಹ ಅವನ ಮರಣಾನಂತರ ಮಾರಾಟಕ್ಕೆ ಬಂದು, ಒಡೆದು ಮಾರಿದರೆ 5,882 ಪೌಂಡು ಬೆಲೆಯೆಂಬ ಲೆಕ್ಕಕ್ಕೆ ಬಂದಿತ್ತು. 1931ರಲ್ಲಿ ಅರ್ನೆಸ್ಟ್ ಕುಕ್ ಎಂಬ ದಾನಿಯ ಹಣದಿಂದ ಅದು ಉಳಿದು ನ್ಯಾಷನಲ್ ಟ್ರಸ್ಟಿಗೆ ಸೇರಿತು.

ಯುದ್ಧದ ನಡುವೆ ಆತ ಸಸೆಕ್ಸಿನ ಬೋಡಿಯಮ್ ಎಂಬ ಇನ್ನೊಂದು ಕೋಟೆಯನ್ನು ಕೊಂಡು, ಸುತ್ತಲಿನ ಕಂದಕದ ನೀರನ್ನು ಬಸಿದು ಶೋಧಿಸಿ ದುರಸ್ತಿ ಮಾಡಿಸಿದನು. 1916ರಲ್ಲಿ ತಂದೆ ತೀರಿಕೊಂಡು ಕೆಡ್ಲ್‌ಸ್ಟನ್ ಕೈಗೆ ಬಂತು. 1919ರಿಂದ ವಿದೇಶಾಂಗ ಮಂತ್ರಿಯಾಗಿದ್ದ ಅವನು 1923ರಲ್ಲಿ ಪ್ರಧಾನಿಯ ಪಟ್ಟ ತನಗೇ ಎಂದು ಕಾದಿದ್ದಾಗ ಅದು ಬಾಲ್ಡ್ವಿನ್ನನಿಗೆ ಹೋಯಿತು. 1925ರ ಮಾರ್ಚ್ 20ರಂದು ಲಂಡನ್ನಿನಲ್ಲಿ ಪ್ರಾಣಬಿಟ್ಟನು. ದೇಹವನ್ನು ಕೆಡ್ಲ್‌ಸ್ಟನ್ನಿಗೆ ಒಯ್ದು ಮೇರಿಯ ಪಕ್ಕದಲ್ಲಿ ಇಟ್ಟರು. ಟ್ಯಾಟರ್ಸಾಲ್, ಬೋಡಿಯಮ್ ಎರಡನ್ನೂ ಮರಣಶಾಸನದಲ್ಲಿ ನ್ಯಾಷನಲ್ ಟ್ರಸ್ಟಿಗೆ, ಅಂದರೆ ತನ್ನ ದೇಶದ ಜನಕ್ಕೆ, ಬಿಟ್ಟುಹೋಗಿದ್ದನು. ಗಂಡುಮಕ್ಕಳಿಲ್ಲದ ಕಾರಣ ಕೆಡ್ಲ್‌ಸ್ಟನ್ ತಮ್ಮನ ಮಗನಿಗೆ ಹೋಯಿತು. ಕೊನೆಗೆ ಮರಣ ತೆರಿಗೆಯ ಭಾರದಿಂದ ಅದೂ 1987ರಲ್ಲಿ ಅದೇ ಟ್ರಸ್ಟಿಗೆ ಸೇರಿತು. ಒಂದು ಕಾಲಕ್ಕೆ ಹಳ್ಳಿಯನ್ನು ಹೊರಗೆ ಹಾಕಿದ ಮನೆಗೆ ಇಂದು ಹಳ್ಳಿಯವರು ಚೀಟಿ ತೆಗೆದುಕೊಂಡು ಒಳಗೆ ಹೋಗುತ್ತಾರೆ.

ಈಗ ನಮ್ಮೂರ ವಾಡೆಯ ವಿಷಯ. ಅದು ನಮ್ಮ ಮನೆಯಲ್ಲ. ನಮ್ಮ ಅಜ್ಜ ವಾಡೆಯವರ ಹೊಲವನ್ನು ಲಾವಣಿಗೆ ಮಾಡಿದವರು. ಧಣಿಯ ಎದುರಿಗೆ ಕಾಲಲ್ಲಿ ಚಪ್ಪಲಿಯಿಲ್ಲದೆ ನಿಂತವರು. ಪಡಸಾಲೆಯಿಂದ ಮುಂದೆ ಕಾಲಿಟ್ಟವರಲ್ಲ. 1974ರ ಭೂಸುಧಾರಣೆಯಲ್ಲಿ ಉಳುತ್ತಿದ್ದ ನಾಲ್ಕು ಎಕರೆ ಅವರದಾಯಿತು. ಅದರಿಂದಲೇ ನಾನಿಂದು ಕಾಲೇಜಿನಲ್ಲಿದ್ದೇನೆ. ಹೊಲ ಹೋದ ಮೇಲೆ ವಾಡೆಯ ಮಾಳಿಗೆಗೆ ಮಣ್ಣು ಹಾಕಿಸುವವರಿಲ್ಲದಾಯಿತು. ವಾರಸುದಾರರು ಪಟ್ಟಣ ಸೇರಿದರು. ಆ ಬೇಸಿಗೆಯಲ್ಲಿ ನಾನು ಊರಿಗೆ ಹೋದಾಗ ಪಡಸಾಲೆಯ ಸಾಗವಾನಿ ಕಂಬಗಳನ್ನೂ ಕೆತ್ತನೆಯ ಬಾಗಿಲನ್ನೂ ಕಿತ್ತು ಲಾರಿಗೆ ಹೇರಿ ಮೂರು ದಿನವಾಗಿತ್ತು. ಎಲ್ಲಿಗೆ ಹೋದವೆಂದು ಊರಲ್ಲಿ ಯಾರೂ ಕೇಳಿರಲಿಲ್ಲ. ನಾನು ಕೇಳುವ ಹೊತ್ತಿಗೆ ಲಾರಿಯ ನಂಬರೂ ಯಾರಿಗೂ ನೆನಪಿರಲಿಲ್ಲ.

ದೊಡ್ಡವರ ಮನೆ ಹಾಳಾದರೆ ನಮಗೇನು ಎಂದು ನಾನು ಅಜ್ಜನನ್ನು ಕೇಳಿದೆ. ಆ ಕಂಬ ಕೆತ್ತಿದವರು ನಮ್ಮೂರ ಬಡಿಗೇರರು, ದಿಮ್ಮಿ ಎಳೆದು ತಂದದ್ದು ನಮ್ಮ ಎತ್ತುಗಳು ಎಂದು ತಮ್ಮ ಅಜ್ಜ ಹೇಳುತ್ತಿದ್ದುದನ್ನು ಅವರು ನೆನೆದರು. ಧಣಿಯ ಮೇಲಿನ ಸಿಟ್ಟು ಅವರಿಗೆ ಇನ್ನೂ ಹೋಗಿಲ್ಲ. ಆದರೂ ಕಂಬ ಹೋದ ದಿನ ಅವರು ಊಟ ಮಾಡಲಿಲ್ಲವೆಂದು ಅವ್ವ ಹೇಳಿದಳು.

ಕರ್ಜನ್ನನನ್ನು ನಾನು ಈಗಲೂ ಮೆಚ್ಚಲಾರೆ. ಬಂಗಾಳದ ಗಾಯ ಸಣ್ಣದಲ್ಲ. ಆದರೆ ಕಟ್ಟಿಸಿದವನ ಮೇಲಿನ ಸಿಟ್ಟನ್ನು ಕಟ್ಟಡದ ಮೇಲೆ ತೀರಿಸಿಕೊಂಡರೆ ಕಳೆದುಕೊಳ್ಳುವವರು ನಾವೇ ಎಂಬುದನ್ನು ಅವನ ಜೀವನದಿಂದ ಕಲಿತೆ. ಟ್ಯಾಟರ್ಸಾಲಿನ ಅಗ್ಗಿಷ್ಟಿಕೆಗಳು ಮರಳಿ ಬಂದದ್ದಕ್ಕೆ ಹಣ ಬೇಕಾಗಿತ್ತು, ನಿಜ. ಅದಕ್ಕಿಂತ ಮೊದಲು, ಅವು ಹಡಗು ಏರುವ ಮುನ್ನ ಎಲ್ಲಿಗೆ ಹೋದವೆಂದು ಕೇಳುವವನೊಬ್ಬ ಬೇಕಾಗಿತ್ತು.

ನಮ್ಮ ವಾಡೆಯಲ್ಲಿ ಈಗ ಕಲ್ಲಿನ ಹೆಬ್ಬಾಗಿಲು, ಒಂದು ಹುಡೆ, ಹಿತ್ತಲ ಬಾವಿ ಇಷ್ಟು ಉಳಿದಿವೆ. ಕಳೆದ ದೀಪಾವಳಿಯ ರಜೆಯಲ್ಲಿ ಅಜ್ಜನನ್ನು ಕರೆದುಕೊಂಡು ಹೋಗಿ ಅವುಗಳ ಅಳತೆ ತೆಗೆದೆ. ಎಲ್ಲಿ ಯಾವ ಕಂಬವಿತ್ತೆಂದು ಅವರು ಕೋಲಿನಿಂದ ತೋರಿಸುತ್ತ ಹೋದರು, ನಾನು ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಪಡಸಾಲೆಯನ್ನು ದಾಟಿ ಒಳಕೋಣೆಗೆ ಅವರು ಕಾಲಿಟ್ಟದ್ದು ಅಂದೇ ಮೊದಲು. ಈ ಸಂಚಿಕೆಯನ್ನು ಓದುವ ಮಿತ್ರರು ಮುಂದಿನ ರಜೆಯಲ್ಲಿ ತಮ್ಮ ತಮ್ಮ ಊರಿನ ಹಳೆಯ ಮನೆಯೊಂದನ್ನು ಹೀಗೆ ಬರೆದಿಟ್ಟರೆ, ಲಾರಿ ಬರುವ ಮುನ್ನ ಕೇಳುವವರು ಇದ್ದಂತಾಗುತ್ತದೆ.